ನೆಲಗಡಲೆ ಬೆಣ್ಣೆ ಮುದ್ದೆಯಾಗಿದೆ, ನೀರು ಹಾಕಬಹುದಾ?

ಪ್ರಶ್ನೆ (ಉಡುಪಿಯಿಂದ): ಮಗನಿಗೆ ಪೀನಟ್ ಬಟರ್ ಅಂದರೆ ಹುಚ್ಚು. ಮನೆಯಲ್ಲೇ ಮಾಡೋಣ ಅಂತ ಅರ್ಧ ಕೆಜಿ ನೆಲಗಡಲೆ ಹುರಿದು, ಸಿಪ್ಪೆ ತೆಗೆದು ಮಿಕ್ಸಿಗೆ ಹಾಕಿದೆ. ಮೊದಲು ಹುಡಿ ಆಯ್ತು, ಈಗ ಚಪಾತಿ ಹಿಟ್ಟಿನ ಹಾಗೆ ಉಂಡೆ ಕಟ್ಟಿ ಜಾರಿನ ಗೋಡೆಗೆ ಅಂಟಿ ಕೂತಿದೆ. ಬ್ಲೇಡು ಸುಮ್ನೆ ತಿರುಗುತ್ತಿದೆ, ಮಿಕ್ಸಿಯೂ ಬಿಸಿ. ಸ್ವಲ್ಪ ನೀರು ಹಾಕಿದರೆ ಸಡಿಲ ಆಗುತ್ತದಾ? ಇದೇ ಕೆಲಸ ಮಾಡುವವರು ಹೇಳಿ ಅಣ್ಣ.

ಉತ್ತರ (ಮಂಗಳೂರಿನಲ್ಲಿ ನಟ್ ಬಟರ್ ಮಾಡಿ ಮಾರುವವನು): ನೀರು ಒಂದು ಹನಿಯೂ ಬೇಡ ಅಕ್ಕ! ನೆಲಗಡಲೆಯಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಎಣ್ಣೆಯೇ. ಬೆಣ್ಣೆ ಅನ್ನುವುದು ಆ ಎಣ್ಣೆಯಲ್ಲಿ ತೇಲುವ ನುಣ್ಣನೆಯ ಹುಡಿ, ಅಷ್ಟೇ. ನೀರು ಬಿದ್ದರೆ ಹುಡಿ ಅದನ್ನು ಹೀರಿ ಒಂದಕ್ಕೊಂದು ಅಂಟಿಕೊಂಡು ಇನ್ನೂ ಗಟ್ಟಿಯಾಗುತ್ತದೆ, ಬೇಗ ಕೆಡುತ್ತದೆ ಕೂಡ. ಜೇನು, ಬೆಲ್ಲ ಹಾಕಿದರೂ ಅದೇ ಗತಿ, ಯಾಕೆಂದರೆ ಅವುಗಳಲ್ಲೂ ನೀರಿನಂಶ ಉಂಟು. ಸಿಹಿ ಬೇಕಾದರೆ ಕೊನೆಗೆ ಸಕ್ಕರೆ ಹುಡಿ ಹಾಕಿ.

ನಿಮ್ಮದು ಹಾಳಾಗಿಲ್ಲ. ಉಂಡೆ ಕಟ್ಟುವ ಹಂತ ಎಲ್ಲರಿಗೂ ಬರುತ್ತದೆ, ಹೆಚ್ಚಿನವರು ಅಲ್ಲೇ ಕೈಬಿಡುತ್ತಾರೆ. ಮಿಕ್ಸಿ ಪೂರ್ತಿ ತಣಿಯಲಿ. ಅರ್ಧ ಕೆಜಿ ಒಟ್ಟಿಗೆ ಜಾಸ್ತಿ ಆಯ್ತು, ಅರ್ಧ ತೆಗೆದಿಡಿ. ಆಮೇಲೆ ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಒಣ ಚಮಚದಿಂದ ಗೋಡೆಗೆ ಅಂಟಿದ್ದನ್ನು ಕೆಳಗೆ ದೂಡಿ, ಮತ್ತೆ ತಿರುಗಿಸಿ. ಹೀಗೆ ಮಾಡುತ್ತಾ ಹೋದರೆ ಉಂಡೆ ಒಮ್ಮೆ ಹೊಳೆಯಲು ಶುರುವಾಗುತ್ತದೆ, ಅಂದರೆ ಎಣ್ಣೆ ಬಿಡುತ್ತಿದೆ. ಅಲ್ಲಿಂದ ಮುಂದೆ ತಾನಾಗಿ ಸಡಿಲವಾಗುತ್ತದೆ. ಮಧ್ಯದಲ್ಲಿ ಮಿಕ್ಸಿ ತಾನೇ ನಿಂತರೆ ಗಾಬರಿ ಬೇಡ, ತಣಿದ ಮೇಲೆ ಅಡಿಯಲ್ಲಿರುವ ಕೆಂಪು ಬಟನ್ ಒತ್ತಿ.

ಇನ್ನೊಂದು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಹುರಿದ ಕಡಲೆ ಬೇಗ ಮೆತ್ತಗಾಗುತ್ತದೆ. ಬೆಳಿಗ್ಗೆ ಹುರಿದು ಸಂಜೆ ರುಬ್ಬುವುದು ಬೇಡ. ಕೈಗೆ ಬೆಚ್ಚಗೆ ಇರುವಾಗಲೇ ರುಬ್ಬಿದರೆ ಎಣ್ಣೆ ಸಲೀಸಾಗಿ ಬಿಡುತ್ತದೆ. ಮುಗ್ಗಲು ವಾಸನೆ ಬಂದ, ಮುರುಟಿದ, ಕಪ್ಪಾದ ಕಾಳನ್ನು ಮೊದಲೇ ಆರಿಸಿ ಬಿಸಾಡಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಇದರಲ್ಲಿ ಮಾತ್ರ ಜಿಪುಣತನ ಬೇಡ.

ಪ್ರಶ್ನೆ (ಉಡುಪಿಯಿಂದ): ಹೊಳಪು ಬಂತು ಅಣ್ಣ! ಇನ್ನೂ ಸ್ವಲ್ಪ ತೆಳು ಆಗಬೇಕಾದರೆ ತೆಂಗಿನೆಣ್ಣೆ ಹಾಕಲಾ?

ಉತ್ತರ: ಹಾಕಬಹುದು, ಆದರೆ ಪರಿಮಳ ತೆಂಗಿನದ್ದೇ ಮೇಲಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯೂ ಆಗುತ್ತದೆ, ಆಮೇಲೆ ಬ್ರೆಡ್ಡಿಗೆ ಹಚ್ಚುವಾಗ ಬ್ರೆಡ್ಡೇ ಹರಿಯುತ್ತದೆ. ಶೇಂಗಾ ಎಣ್ಣೆ ಒಂದು ಚಮಚ ಸಾಕು. ನನ್ನನ್ನು ಕೇಳಿದರೆ ಅದೂ ಬೇಡ, ಇನ್ನೆರಡು ಸುತ್ತು ತಿರುಗಿಸಿ. ಇಟ್ಟ ಮೇಲೆ ಎಣ್ಣೆ ಮೇಲೆ ನಿಲ್ಲುತ್ತದೆ, ಅದು ಸಹಜ, ಕಲಸಿಕೊಂಡು ತಿನ್ನಿ. ಅಂಗಡಿಯ ಹಲವು ಡಬ್ಬಗಳಲ್ಲಿ ಹಾಗಾಗದಿರಲು ಗಟ್ಟಿ ಮಾಡಿದ ಸಸ್ಯದ ಎಣ್ಣೆ ಸೇರಿಸಿರುತ್ತಾರೆ.

ಪ್ರಶ್ನೆ (ಪುತ್ತೂರು ಕಡೆಯವರು): ನಮ್ಮ ಗುಡ್ಡದಲ್ಲಿ ಗೇರುಮರ ಉಂಟು. ಆ ಬೀಜವನ್ನು ಬಾಣಲೆಯಲ್ಲಿ ಹುರಿದು ಒಡೆದು ಬೆಣ್ಣೆ ಮಾಡಬಹುದಾ?

ಉತ್ತರ: ಅಡುಗೆಮನೆಯಲ್ಲಿ ಖಂಡಿತ ಬೇಡ ಮಾರಾಯ್ರೆ. ಹೊರಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಹುರಿಯುವಾಗ ಬರುವ ಹೊಗೆಯೂ ಕಣ್ಣು, ಗಂಟಲಿಗೆ ಕೆಟ್ಟದ್ದು. ಬೀಜ ಮಾರಿ, ಆ ದುಡ್ಡಿಗೆ ಸಿಪ್ಪೆ ತೆಗೆದ ತುಂಡು ಗೇರುಬೀಜ ತನ್ನಿ. ಇಡೀ ಬೀಜಕ್ಕೆ ಜಾಸ್ತಿ ದುಡ್ಡು ಯಾಕೆ, ಹೇಗೂ ಅರೆಯುವುದು ಅಲ್ವಾ? ಗೋಡಂಬಿಯನ್ನು ನೆಲಗಡಲೆಯಷ್ಟು ಕೆಂಪಾಗಿ ಹುರಿಯಬೇಡಿ. ಸಣ್ಣ ಉರಿಯಲ್ಲಿ ಬಿಸಿಯಾಗಿ ತುದಿ ಬಣ್ಣ ತಿರುಗಿದರೆ ಸಾಕು.