ಸಹಾಯ ಬೇಕು: ಇಆರ್‌ಪಿನೆಕ್ಸ್ಟ್‌ನಲ್ಲಿ ದರ ಬದಲಿಸಿದ್ದು ಯಾರು ಅಂತ ಗೊತ್ತಾಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಾರ್ಡ್‌ವೇರ್ ಸಗಟು ಅಂಗಡಿಗೆ ಇಆರ್‌ಪಿನೆಕ್ಸ್ಟ್ (ಬಿಲ್ಲು, ಸ್ಟಾಕು, ಲೆಕ್ಕ ಎಲ್ಲಾ ನೋಡೋ ಸಾಫ್ಟ್‌ವೇರ್) ಬಳಸ್ತಿದ್ದೀವಿ. ಐಟಂ ಪ್ರೈಸ್‌ನಲ್ಲಿ ಒಂದು ಪೈಪಿನ ದರ ₹182 ಇದ್ದದ್ದು ₹128 ಆಗಿ ಕೂತಿದೆ. ಆ ದರಕ್ಕೇ ಬಿಲ್ಲೂ ಹೋಗಿವೆ! ಟೈಮ್‌ಲೈನ್‌ನಲ್ಲಿ ಈ ಬದಲಾವಣೆಯ ಸುಳಿವೇ ಇಲ್ಲ.

ಕಸ್ಟಮೈಸ್ ಫಾರ್ಮ್‌ನಲ್ಲಿ ‘ಟ್ರ್ಯಾಕ್ ಚೇಂಜಸ್’ ಟಿಕ್ ಇದೆ. ಕೈಯಾರೆ ತಿದ್ದಿ ಸೇವ್ ಮಾಡಿದ್ರೆ ಹಳೇ ದರ, ಹೊಸ ದರ, ಹೆಸರು ಎಲ್ಲಾ ವರ್ಷನ್‌ನಲ್ಲಿ (ಪ್ರತಿ ಬದಲಾವಣೆಯ ದಾಖಲೆ) ನೀಟಾಗಿ ಬರುತ್ತೆ. ಈ ರೆಕಾರ್ಡಿನ ‘ಮಾಡಿಫೈಡ್ ಬೈ’ನಲ್ಲಿ ಮಾತ್ರ ಅಡ್ಮಿನಿಸ್ಟ್ರೇಟರ್ ಅಂತಿದೆ. ಹಾಗಾಗಿ ನನ್ನ ಅನುಮಾನ ಅದೇ ಹೆಸರಲ್ಲಿ ರಾತ್ರಿ ತಾನಾಗೇ ಓಡೋ ಸ್ಕ್ರಿಪ್ಟ್ ಮೇಲೆ. ಅದು ಎಕ್ಸೆಲ್ ಶೀಟಿನ ದರಗಳನ್ನ ಡಿಬಿ ಸೆಟ್ ವ್ಯಾಲ್ಯೂ ಅನ್ನೋ ಕೋಡ್ ಕಮಾಂಡಿನಿಂದ, ಫಾರ್ಮ್ ಸೇವ್ ಮಾಡದೇ ನೇರ ಡೇಟಾಬೇಸ್‌ಗೆ ಬರೆಯುತ್ತೆ, ಆ ದಾರೀಲಿ ವರ್ಷನ್ ಹುಟ್ಟೋದೇ ಇಲ್ಲ. (ಶೀಟನ್ನ ಅಂಗಡೀಲಿ ಎಲ್ಲರೂ ಮುಟ್ತಾರೆ, ಅದು ಬೇರೆ ತಲೆನೋವು.)

ಡಾಕ್ಯುಮೆಂಟ್ ತೆರೆದು ಸೇವ್ ಮಾಡೋ ಹಾಗೆ ಸ್ಕ್ರಿಪ್ಟ್ ಬದಲಿಸಿದ್ರೆ ಸಾವಿರಾರು ಐಟಂಗೆ ತುಂಬ ನಿಧಾನ ಆಗುತ್ತಾ? ಆಗಲೂ ಹೆಸರು ಅಡ್ಮಿನಿಸ್ಟ್ರೇಟರ್‌ದೇ ಬರುತ್ತಲ್ವಾ, ಶೀಟ್ ತಿದ್ದಿದವರ ಹೆಸರನ್ನ ಕಾಮೆಂಟ್ ಆಗಿ ಸೇರಿಸೋದು ಸರಿಯಾದ ದಾರಿನಾ? ಹಳೇ ಬದಲಾವಣೆಗಳಿಗೆ ದಿನದಿನದ ಬ್ಯಾಕಪ್ ಹೋಲಿಸೋದು ಬಿಟ್ಟು ಬೇರೆ ಉಪಾಯ ಇದ್ರೂ ತಿಳಿಸಿ. ನಮ್ಮದು ಇಆರ್‌ಪಿನೆಕ್ಸ್ಟ್ 15ನೇ ಆವೃತ್ತಿ, ಸ್ವಂತ ಸರ್ವರ್.