ಸಹಾಯ ಬೇಕು: ಬೆಕ್ಕು ಟ್ರೇ ಬಿಟ್ಟು ಕಂಡಕಂಡಲ್ಲಿ ಉಚ್ಚೆ ಮಾಡುತ್ತಿದೆ

ನಮಸ್ಕಾರ. ನಾವಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ನಮ್ಮ ಕರಿಯ, ಸಂತಾನಹರಣ ಆಪರೇಷನ್ ಆಗಿರುವ ಗಂಡು ಬೆಕ್ಕು. ಮರಿಯಿಂದಲೂ ತನ್ನ ಮರಳಿನ ಟ್ರೇ ಬಿಟ್ಟು ಬೇರೆಲ್ಲೂ ಹೋದವನಲ್ಲ. ಈಗ ಬಚ್ಚಲಲ್ಲಿ, ಕಾಲೊರಸಿನ ಮೇಲೆ, ನಿನ್ನೆಯಂತೂ ಅಕ್ಕಿ ಮೂಟೆ ಪಕ್ಕದಲ್ಲೇ! ಕಕ್ಕ ಮಾತ್ರ ಟ್ರೇಯಲ್ಲೇ ಮಾಡುತ್ತಾನೆ.

ಬೀದಿ ಗಂಡು ಬೆಕ್ಕೊಂದು ಬಾಗಿಲಿಗೆ ಬರುತ್ತೆ, ಅದಕ್ಕೇ ಇದು ತನ್ನ ಜಾಗ ಅಂತ ಗುರುತು ಹಾಕುತ್ತಿದ್ದಾನೆ ಅಂತ ಪಕ್ಕದ ಮನೆ ಆಂಟಿ ಹೇಳಿದರು. ಆದರೆ ಇವನು ಬಾಲ ಎತ್ತಿ ಗೋಡೆಗೆ ಹಾರಿಸಲ್ಲ, ನೆಲದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಟ್ರೇಯಲ್ಲಿ ಮೊದಲು ಉಚ್ಚೆಗೆ ಮರಳು ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟುತ್ತಿತ್ತು, ಈಗ ಗೋಲಿಯಷ್ಟೇ. ಪದೇ ಪದೇ ಹೋಗುತ್ತಾನೆ. ಊಟ, ಆಟ ಮಾಮೂಲಿ.

ಗಂಡು ಬೆಕ್ಕಿಗೆ ಉಚ್ಚೆ ಪೂರ್ತಿ ಕಟ್ಟಿದರೆ ಜೀವಕ್ಕೇ ಅಪಾಯ ಅಂತ ಗೊತ್ತು, ಅದಕ್ಕೇ ಇವತ್ತೇ ತೋರಿಸಬೇಕು. ಇಲ್ಲಿ ಒಬ್ಬ ಡಾಕ್ಟರು 'ಬೆಕ್ಕಿಗೆ ಸೊಕ್ಕು ಅಷ್ಟೇ' ಅಂದುಬಿಟ್ಟರು. ಅವರು ಹಸು, ಎಮ್ಮೆ ಜಾಸ್ತಿ ನೋಡುವವರು, ಬಿಡಿ. ಬೆಕ್ಕುಗಳನ್ನು ಚೆನ್ನಾಗಿ ನೋಡುವ, ಸ್ಕ್ಯಾನಿಂಗ್ ಇರುವ ಕಡೆ ತುಮಕೂರಲ್ಲಿ ಯಾವುದಿದೆ? ಇಲ್ಲದಿದ್ದರೆ ಬೆಂಗಳೂರಿಗೇ ಹೊರಡುತ್ತೇವೆ. ಟೆಸ್ಟಿಗೆ ಉಚ್ಚೆ ಮನೆಯಲ್ಲೇ ಹಿಡಿದವರಿದ್ದೀರಾ? ಖಾಲಿ ಟ್ರೇ ಇಟ್ಟರೆ ಇವನು ಮೂಸಿ ನೋಡಿ ವಾಪಸ್ ಬರುತ್ತಾನೆ.