ಪದ ಬೇಕು: ಕಾಲಯಾನ, ಕಾಲಪಯಣ, ಹೊತ್ತು... ಯಾವುದು?

ನಾಪೋಕ್ಲಿನಿಂದ, ಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ‘ಟೈಮ್ ಟ್ರಾವೆಲ್ ಮನುಷ್ಯರಿಗೆ ಸಾಧ್ಯವೇ?’ ಎಂಬ ವಿಷಯ ಆರಿಸಿಕೊಂಡಿದ್ದಾರೆ. ಆರಡಿ ಮೂರಡಿಯ ಫ್ಲೆಕ್ಸ್. ನಾಳೆ ಸಂಜೆ ನಾಲ್ಕರೊಳಗೆ ಅಂಗಡಿಗೆ ಬರಹ ಕೊಡಬೇಕು. ಮಕ್ಕಳು ಬರೆದು ತಂದದ್ದು ‘ಕಾಲಯಾತ್ರೆ’. ಅದನ್ನು ಓದಿದ ಬಿಸಿಯೂಟದ ಅಕ್ಕ ‘ಯಾರು ಕಾಲವಾದದ್ದು ಟೀಚರೇ?’ ಎಂದು ಗಾಬರಿಯಿಂದ ಕೇಳಿದರು. ಆ ಪದವನ್ನು ಅಲ್ಲಿಗೇ ಬಿಟ್ಟೆವು. ಕಾಲಯಾನ, ಕಾಲಪ್ರಯಾಣ, ಸಮಯ ಪ್ರಯಾಣ ಮೂರನ್ನೂ ಓದಿದ್ದೇನೆ. ಯಾವುದನ್ನು ಹಾಕಿಸಲಿ? ಹಾಗೆಯೇ ‘ಟೈಮ್ ಡೈಲೇಶನ್’ಗೆ, ಅಂದರೆ ವೇಗವಾಗಿ ಹೋಗುವ ಗಡಿಯಾರ ನಿಧಾನವಾಗುವುದಕ್ಕೆ, ಮಕ್ಕಳ ಬಾಯಿಗೆ ಹಿಡಿಯುವ ಒಂದು ಮಾತು ಬೇಕು.

ಮಡಿಕೇರಿಯಿಂದ, ನಿವೃತ್ತ ಕನ್ನಡ ಉಪನ್ಯಾಸಕ

ಅಮ್ಮಾ, ಮೂರೂ ಬೇಡ. ನಮ್ಮಲ್ಲಿ ಹೊತ್ತು ಇದೆ. ಹಳಗನ್ನಡದ ಪೊೞ್ತು, ತಮಿಳಿನ ಪೊೞುದು, ಎಲ್ಲ ಒಂದೇ ಬೇರು. ಹೊತ್ತು ಎಂದರೆ ಸೂರ್ಯನೂ ಹೌದು, ವೇಳೆಯೂ ಹೌದು. ಹೊತ್ತು ಹುಟ್ಟುತ್ತದೆ, ಹೊತ್ತು ಏರುತ್ತದೆ, ಹೊತ್ತು ಮುಳುಗುತ್ತದೆ. ಇಷ್ಟು ಓಡಾಡುವ ಪದವನ್ನು ಮನೆಯಲ್ಲಿಟ್ಟುಕೊಂಡು ಸಂಸ್ಕೃತದ ಬಾಗಿಲಿಗೆ ಯಾಕೆ ಹೋಗಬೇಕು? ‘ಹೊತ್ತುಪಯಣ’ ಎಂದು ಹಾಕಿಸಿ.

ಸೋಮವಾರಪೇಟೆಯಿಂದ

ಪಯಣ ಯಾವ ಬಾಗಿಲಿಂದ ಬಂತು ಗುರುಗಳೇ? ಪ್ರಯಾಣದ ತದ್ಭವ ಅದು. ಅಚ್ಚಗನ್ನಡ ಬೇಕಾದರೆ ಪೂರ್ತಿ ಅಚ್ಚಗನ್ನಡವಾಗಲಿ, ಇಲ್ಲದಿದ್ದರೆ ಆ ಮಾತೇ ಬೇಡ. ಅದೂ ಅಲ್ಲದೆ ಫ್ಲೆಕ್ಸಿನ ಮೇಲೆ ‘ಹೊತ್ತು’ ಕಂಡರೆ ಓದುವವನಿಗೆ ಮೂಟೆ ಹೊತ್ತದ್ದೇ ಮೊದಲು ನೆನಪಾಗುತ್ತದೆ. ಹೊರು ಧಾತುವಿನ ಹೊತ್ತು, ವೇಳೆಯ ಹೊತ್ತು ಬರಹದಲ್ಲಿ ಬೇರೆಯಾಗುವುದಿಲ್ಲ. ಮಾತಿನ ನಡುವೆ ಸಂದರ್ಭ ಕಾಪಾಡುತ್ತದೆ, ತಲೆಬರಹಕ್ಕೆ ಆ ಆಸರೆ ಇಲ್ಲ.

ಮಡಿಕೇರಿಯಿಂದ

ತದ್ಭವ ನಮ್ಮದೇ. ಬಾಯಲ್ಲಿ ಸವೆದು ನುಣುಪಾದದ್ದು. ಗಳಿಗೆಯನ್ನು ಘಟಿಕಾ ಎಂದು ಹಿಂದಿರುಗಿಸುತ್ತೀರಾ? ಪಯಣ ಬೇಡವೆಂದರೆ ‘ಹೊತ್ತುದಾಟು’ ಎನ್ನಿ, ಪೂರ್ತಿ ಕನ್ನಡ.

ಸೋಮವಾರಪೇಟೆಯಿಂದ

ಹೊತ್ತು ದಾಟಿತು ಎಂದರೆ ತಡವಾಯಿತು ಎಂದರ್ಥ. ಆಗದು.

ವಿರಾಜಪೇಟೆಯಿಂದ, ಭೌತವಿಜ್ಞಾನ ಕಲಿಸುವವಳು

ಪದ ಹುಡುಕುವ ಮೊದಲು ಆ ಪದ ಹೊರಬೇಕಾದ ಅರ್ಥವನ್ನು ಒಮ್ಮೆ ನೋಡೋಣ. ಇಲ್ಲಿ ಎರಡು ಸಂಗತಿಗಳಿವೆ, ಅವೆರಡರ ತೂಕ ಒಂದೇ ಅಲ್ಲ.

ಮೊದಲನೆಯದು, ಬರುವ ಕಾಲಕ್ಕೆ ಬೇಗ ಹೋಗುವುದು. ಇದು ಅಳೆದು ಕಂಡದ್ದು. 1905ರಲ್ಲಿ ಐನ್‌ಸ್ಟೈನ್ ಹೇಳಿದ ಪ್ರಕಾರ, ವೇಗವಾಗಿ ಹೋಗುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿಟ್ಟು ಭೂಮಿ ಸುತ್ತಿಸಿದರು. ನೆಲದ ಗಡಿಯಾರಕ್ಕೆ ಹೋಲಿಸಿದರೆ ಪೂರ್ವಕ್ಕೆ ಹೋದಾಗ ಅವು 59 ನ್ಯಾನೋ ಸೆಕೆಂಡು (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೋ ಸೆಕೆಂಡು) ಹಿಂದೆ ಬಿದ್ದವು, ಪಶ್ಚಿಮಕ್ಕೆ, ಅಂದರೆ ಭೂಮಿ ತಿರುಗುವ ದಿಕ್ಕಿಗೆ ಎದುರಾಗಿ ಹೋದಾಗ 273 ನ್ಯಾನೋ ಸೆಕೆಂಡು ಮುಂದೆ ಓಡಿದವು. ಮನುಷ್ಯರೂ ಹೋಗಿ ಬಂದಿದ್ದಾರೆ. ರಷ್ಯಾದ ಗಗನಯಾತ್ರಿ ಗೆನ್ನಾಡಿ ಪಡಾಲ್ಕಾ ಎಲ್ಲ ಯಾನಗಳೂ ಸೇರಿ ಸುಮಾರು 880 ದಿನ ಕಕ್ಷೆಯಲ್ಲಿದ್ದರು. ಅವರು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಕಡಿಮೆ ವಯಸ್ಸಾಗಿ ಇಳಿದರು, ಅಂದರೆ ಅಷ್ಟು ದೂರ ನಮ್ಮ ನಾಳೆಯೊಳಕ್ಕೆ ಬಂದರು.

ಎತ್ತರದಿಂದಲೂ ವ್ಯತ್ಯಾಸ ಬರುತ್ತದೆ. ಮೇಲಿನ ಗಡಿಯಾರ ವೇಗವಾಗಿ ನಡೆಯುತ್ತದೆ. ನಿಮ್ಮ ಮಕ್ಕಳಿಗೆ ತಡಿಯಂಡಮೋಳ್ ಬೆಟ್ಟ ಗೊತ್ತಲ್ಲವೇ ಮೇಡಂ, 1,748 ಮೀಟರ್. ಅದರ ತುದಿಯಲ್ಲೊಂದು, ಮಂಗಳೂರಿನ ಕಡಲ ದಂಡೆಯಲ್ಲೊಂದು ಗಡಿಯಾರ ಇಟ್ಟರೆ ತುದಿಯದ್ದು ದಿನಕ್ಕೆ ಸುಮಾರು 16 ನ್ಯಾನೋ ಸೆಕೆಂಡು ಮುಂದೆ ಹೋಗುತ್ತದೆ. ಇದನ್ನು ಫ್ಲೆಕ್ಸಿನಲ್ಲಿ ದಯವಿಟ್ಟು ಹಾಕಿಸಿ. ಮೊಬೈಲಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರ ಮತ್ತು ವೇಗ ಎರಡೂ ಸೇರಿ ದಿನಕ್ಕೆ 38 ಮೈಕ್ರೋ ಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ಮೈಕ್ರೋ ಸೆಕೆಂಡು) ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದಾರಿ ಕಿಲೋಮೀಟರುಗಟ್ಟಲೆ ತಪ್ಪುತ್ತದೆ.

ದೊಡ್ಡ ಜಿಗಿತಕ್ಕೆ ತಡೆ ಇರುವುದು ಶಕ್ತಿಯದ್ದು. ಬೆಳಕಿನ ವೇಗದ ಶೇ. 99ರಷ್ಟರಲ್ಲಿ ಒಂದು ವರ್ಷ ಕಳೆದು ಬಂದವರಿಗೆ ಇಲ್ಲಿ ಏಳು ವರ್ಷ ಕಳೆದಿರುತ್ತದೆ, ನಿಯಮ ಅಡ್ಡ ಬರುವುದಿಲ್ಲ. ಆದರೆ 60 ಕಿಲೋ ತೂಕದ ಒಬ್ಬರನ್ನು ಆ ವೇಗಕ್ಕೆ ಒಯ್ಯಲು ಇಡೀ ಭಾರತ ಹಲವು ವರ್ಷ ಉತ್ಪಾದಿಸುವಷ್ಟು ವಿದ್ಯುತ್ತು ಬೇಕು. ನೌಕೆಯ ತೂಕವನ್ನು ಇನ್ನೂ ಸೇರಿಸಿಲ್ಲ.

ಎರಡನೆಯದು, ಕಳೆದ ಕಾಲಕ್ಕೆ ಮರಳುವುದು. ಇದಕ್ಕೆ ಒಂದೇ ಒಂದು ಅಳತೆಯ ಸಾಕ್ಷಿಯೂ ಇಲ್ಲ. 1949ರಲ್ಲಿ ಗಣಿತಜ್ಞ ಗೋಡೆಲ್ ಐನ್‌ಸ್ಟೈನರ ಸಮೀಕರಣಗಳಿಂದಲೇ ಇಂಥ ದಾರಿಯಿರುವ, ತಿರುಗುವ ವಿಶ್ವವೊಂದನ್ನು ತೋರಿಸಿದರು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವುದು ಕಂಡಿಲ್ಲ. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಜೊತೆಗಾರರು ಹುಳುಬಿಲದ (ವರ್ಮ್‌ಹೋಲ್, ದೂರದ ಎರಡು ಕಡೆಗಳನ್ನು ಸೇರಿಸುವ ಸುರಂಗ) ದಾರಿ ಲೆಕ್ಕ ಹಾಕಿದರು, ಅದು ಮುಚ್ಚದೆ ನಿಲ್ಲಲು ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆಯ ಶಕ್ತಿ ಬೇಕು. 1992ರಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್, ಭೌತನಿಯಮಗಳೇ ಇಂಥ ದಾರಿಗಳನ್ನು ಮುಚ್ಚುತ್ತವೆ ಎಂಬ ಊಹೆ ಮುಂದಿಟ್ಟರು. ಅದು ಸಾಬೀತಾಗಿಲ್ಲ, ಸುಳ್ಳೂ ಆಗಿಲ್ಲ.

ಆದ್ದರಿಂದ ಈ ಎರಡನ್ನೂ ಒಂದೇ ಪದದೊಳಗೆ ತುರುಕಿ ‘ಸಾಧ್ಯವೇ?’ ಎಂದು ಕೇಳಿದರೆ ಪ್ರಶ್ನೆಯೇ ತಪ್ಪಾಗುತ್ತದೆ. ನನ್ನ ಮತ ಕಾಲಯಾನಕ್ಕೆ. ಗಗನಯಾನ, ಚಂದ್ರಯಾನ ಮಕ್ಕಳ ಕಿವಿಯಲ್ಲಿವೆ, ಕಾಲಯಾನಿ ಎಂದು ಹೋಗುವವರಿಗೂ ಹೆಸರು ಸಿಗುತ್ತದೆ. ಡೈಲೇಶನ್‌ಗೆ ‘ಕಾಲದ ಹಿಗ್ಗು’ ಸಾಕು.

ಮಡಿಕೇರಿಯಿಂದ

ಒಪ್ಪಿದೆ, ಹಿಗ್ಗು ಕನ್ನಡದ್ದೇ. ಆದರೆ ಒಂದು ಮಾತು ಹೇಳದೆ ಬಿಡಲಾರೆ. ಹಿಂದೆ, ಮುಂದೆ ಎಂದು ಬರೆಯುವಾಗ ಎಚ್ಚರ. ಮುನ್ ಎಂಬ ಒಂದೇ ಬೇರಿನಿಂದ ‘ಮುಂದೆ ಬರುವ’ದ್ದೂ ಬಂದಿದೆ, ‘ಮುಂಚೆ ಬಂದ’ದ್ದೂ ಬಂದಿದೆ. ‘ಮುನ್ನ’ ಎಂದರೆ ಆಗಿಹೋದ ಕಾಲ, ‘ಮುಂದು’ ಎಂದರೆ ಆಗಬೇಕಾದ ಕಾಲ. ನಮ್ಮ ಭಾಷೆ ಕಾಲವನ್ನು ಎರಡೂ ಕಡೆಯಿಂದ ನೋಡಿದೆ. ಈ ಸಂಪತ್ತನ್ನು ಯಾನ, ಯಾತ್ರೆಗಳ ಕೆಳಗೆ ಹೂಳುತ್ತಿದ್ದೇವಲ್ಲ ಎಂಬುದೇ ನನ್ನ ನೋವು.

ಗೋಣಿಕೊಪ್ಪಲಿನಿಂದ

ನಾವು ಕೊಡವರ ಮಾತಾದ ಕೊಡವ ತಕ್ಕ್‌ನಲ್ಲಿ ಹೊತ್ತಿಗೆ ‘ನೇರ’ ಎನ್ನುತ್ತೇವೆ. ಕನ್ನಡದ ನೇಸರಿಗೆ ಅದು ನೆಂಟ. ಈ ಚರ್ಚೆಯಲ್ಲಿ ಅಚ್ಚಗನ್ನಡ ಎಂದು ಕೂಗುವವರು ಪಕ್ಕದ ಮನೆಯ ಪದವನ್ನು ಒಮ್ಮೆಯೂ ಕೇಳಲಿಲ್ಲ. ಕೊಡವ, ಅರೆಭಾಷೆ, ತುಳು, ಎರವ, ಕುರುಬ, ಇಷ್ಟು ಮಾತು ಇರುವ ಜಿಲ್ಲೆ ಇದು. ಸಾಲ ತರುವುದಾದರೆ ಮೊದಲು ಹತ್ತಿರದಿಂದ ತನ್ನಿ.

ಸೋಮವಾರಪೇಟೆಯಿಂದ

ನಾಪೋಕ್ಲಿನ ಫ್ಲೆಕ್ಸಿನಲ್ಲಿ ‘ನೇರಯಾನ’ ಎಂದರೆ ಕನ್ನಡದವರು ನೆಟ್ಟಗೆ ಹೋಗುವುದು ಎಂದುಕೊಳ್ಳುತ್ತಾರೆ. ಬೇಡ. ನಾನು ಕೇಳುವುದು ಬೇರೆ. ಕಾಫಿ ತೋಟದಲ್ಲಿ ಲೈನ್ ಮನೆ (ಕೆಲಸಗಾರರ ಸಾಲುಮನೆ), ರೈಟರು (ಲೆಕ್ಕ ಬರೆಯುವವರು), ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಎಂದು ದಿನಾ ಹೇಳುತ್ತೇವೆ. ಅವಕ್ಕೆ ಯಾರೂ ಪದ ಟಂಕಿಸಲಿಲ್ಲ, ಭಾಷೆ ಸಾಯಲಿಲ್ಲ. ‘ಟೈಮ್ ಟ್ರಾವೆಲ್’ ಎಂದೇ ಹಾಕಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಮಡಿಕೇರಿಯಿಂದ

ಲೈನ್ ಮನೆ ಕಟ್ಟಿದವರು ಅದರ ಹೆಸರನ್ನೂ ತಂದರು, ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಮಕ್ಕಳಿಗೆ ನಾವು ಕೇಳದೆ ಹಾಗೆ ಕೊಡಬಾರದು. ಈ ವಿಷಯದಲ್ಲಿ ನನ್ನ ಮಾತು ಇಷ್ಟೇ.

ನಾಪೋಕ್ಲಿನಿಂದ

ಎಲ್ಲರಿಗೂ ಕೃತಜ್ಞತೆ. ಬೆಳಿಗ್ಗೆ ಮಕ್ಕಳನ್ನು ಕೂರಿಸಿ ಎಲ್ಲ ಮಾತನ್ನೂ ಓದಿ ಹೇಳಿ ಆರಿಸಿಕೊಳ್ಳಿ ಎಂದೆ. ಕಾಲಯಾನ ಎಂದರು. ‘ಭವಿಷ್ಯಕ್ಕೆ, ಭೂತಕ್ಕೆ’ ಎಂದು ಒಬ್ಬಳು ಬರೆದಿದ್ದಳು. ಭೂತಕ್ಕೆ ಹೋಗುವುದೆಂದರೆ ನಮ್ಮ ಕಡೆ ಕೋಲ ನೋಡಲು ಹೋಗುವುದು ಎಂದು ಅವಳೇ ಹೊಡೆದು ಹಾಕಿದಳು. ಗುರುಗಳ ಎಚ್ಚರಿಕೆಯಂತೆ ಹಿಂದೆ, ಮುಂದೆ ಎರಡನ್ನೂ ಬಿಟ್ಟೆವು. ಮೂರೂವರೆಗೆ ಅಂಗಡಿಗೆ ಕೊಟ್ಟ ಬರಹ ಹೀಗಿದೆ:

ಕಾಲಯಾನ
ಬರುವ ಕಾಲಕ್ಕೆ: ಹೋಗಿದ್ದಾರೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ
ಕಳೆದ ಕಾಲಕ್ಕೆ: ಯಾರೂ ಹೋದದ್ದು ಕಂಡಿಲ್ಲ

ಕೆಳಗೆ ತಡಿಯಂಡಮೋಳಿನ ಚಿತ್ರ, ತುದಿಯಲ್ಲೊಂದು ಗಡಿಯಾರ. ಅದರ ಅಡಿಯಲ್ಲಿ ‘ಹೊತ್ತು, ನೇರ, ಕಾಲ’ ಮೂರನ್ನೂ ಸಣ್ಣ ಅಕ್ಷರದಲ್ಲಿ ಹಾಕಿಸಿದ್ದೇವೆ. ಗೋಣಿಕೊಪ್ಪಲಿನವರು ‘ನೇರ’ದ ಕಾಗುಣಿತ ಸರಿಯಿದೆಯೇ ಎಂದು ಇವತ್ತೇ ತಿಳಿಸಿದರೆ ಉಪಕಾರ, ಅಚ್ಚಿಗೆ ಇನ್ನೂ ಹೋಗಿಲ್ಲ.